ಕಾಸರಕದ ಮರಕ್ಕೆ ಕಟ್ಟಿದ ದಾರ

ನಮ್ಮ ಕಾಲೇಜಿನ ತೋಟದಲ್ಲಿ ಒಂದು ನಿಯಮ ಇತ್ತು. ದಾರ ಕಟ್ಟಿದ್ದನ್ನು ಯಾರೂ ಮುಟ್ಟಕೂಡದು. ಆ ನಿಯಮ ಮಾಡಿದವಳು ನಾನೇ. ಬೀಜಕ್ಕೆಂದು ಬಳ್ಳಿಯಲ್ಲೇ ಬಿಟ್ಟಿದ್ದ ಹೀರೆಕಾಯಿಯನ್ನು ಯಾರೋ ಕೊಯ್ದು ಕ್ಯಾಂಟೀನಿಗೆ ಕೊಟ್ಟ ದಿನ ನಾನು ಕೂಗಾಡಿದ್ದು ಮೂರನೆಯ ಮಹಡಿಯ ಲ್ಯಾಬಿಗೂ ಕೇಳಿಸಿತಂತೆ. ಮರುದಿನ ಒಂದು ಉಂಡೆ ಬಿಳಿ ನೂಲು ತಂದು ಹಾರೆ, ಕತ್ತಿ ಇಡುವ ಶೆಡ್ಡಿನ ಕಿಟಕಿಯಲ್ಲಿಟ್ಟೆ. ಅಂದಿನಿಂದ ಬೀಜದ ಕಾಯಿಗೆ ದಾರ, ಕಸಿ ಕಟ್ಟಿದ ಗಿಡಕ್ಕೆ ದಾರ, ಕೀಳಬಾರದ ಕಳೆಗೂ ದಾರ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಕಲಿಸುತ್ತಿದ್ದ ಪಾಠ ಅದು. ತಪ್ಪಿದವರಿಗೆ ವಾರವಿಡೀ ಕಾಂಪೋಸ್ಟ್ ಗುಂಡಿ ಮಗುಚುವ ಶಿಕ್ಷೆ.

ತೋಟ ಅಂದರೆ ದೊಡ್ಡದೇನಲ್ಲ. ಕಾಲೇಜಿನ ಹಿಂದಿನ ಇಳಿಜಾರು, ಕೆಂಪುಕಲ್ಲಿನ ನೆಲ, ಹಾರೆ ಹಾಕಿದರೆ ಕಿಡಿ ಹಾರುವ ಜಾಗ. ನಾವು ಹದಿನಾಲ್ಕು ಮಂದಿ ವಿದ್ಯಾರ್ಥಿಗಳು ಕ್ಯಾಂಟೀನಿನ ತರಕಾರಿ ಸಿಪ್ಪೆ, ಉಳಿದ ಅನ್ನ, ಒಣಗಿದ ಎಲೆ ಎಲ್ಲ ಕೊಳೆಸಿ ಮಣ್ಣು ಮಾಡಿದ್ದೆವು. ಆ ಮಣ್ಣಿನಲ್ಲಿ ಬೆಂಡೆ, ಅಲಸಂಡೆ, ಹರಿವೆ, ಹೀರೆ. ಬೆಳೆದದ್ದು ಮತ್ತೆ ಕ್ಯಾಂಟೀನಿಗೆ. ನಾನು ಕಾರ್ಯದರ್ಶಿ, ಅಂತಿಮ ವರ್ಷದ ಬಿ.ಎಸ್ಸಿ., ಸಸ್ಯಶಾಸ್ತ್ರ. ಬಿಜೈಯ ಕೊಂಕಣಿ ಮನೆಯ ಹುಡುಗಿ. ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ನಾಲ್ಕು ಆಂಥೂರಿಯಂ ಬಿಟ್ಟರೆ ಬೇರೆ ಕೃಷಿ ಗೊತ್ತಿಲ್ಲದವಳು ಇಲ್ಲಿ ದೊಡ್ಡ ಜಮೀನ್ದಾರಿಣಿಯ ಹಾಗೆ ಮೆರೆಯುತ್ತಿದ್ದೆ. ಆಜ್ಞೆ ಮಾಡುವುದು ನನಗೆ ನೀರು ಕುಡಿದಷ್ಟು ಸುಲಭ. ಇನ್ನೊಬ್ಬರನ್ನು ಕೇಳುವುದು ಮಾತ್ರ ಬರುತ್ತಿರಲಿಲ್ಲ.

ಜೊತೆ ಕಾರ್ಯದರ್ಶಿಯಾಗಿದ್ದವನು ದೇರೆಬೈಲಿನ ಹುಡುಗ, ಬಿ.ಕಾಂ. ಅವರದು ಒಂದು ಕಾಲಕ್ಕೆ ಗದ್ದೆಗಳಿದ್ದ ತುಳು ಮನೆತನ. ಈಗ ಗದ್ದೆಯ ಮೇಲೆ ಅಪಾರ್ಟ್‌ಮೆಂಟ್ ಎದ್ದಿದೆ, ಅಪ್ಪ ಮುಂಬಯಿಯಲ್ಲಿ ಹೋಟೆಲು ನೋಡಿಕೊಳ್ಳುತ್ತಾರೆ, ಮನೆಯಲ್ಲಿ ಅಮ್ಮ, ಅಜ್ಜಿ ಮತ್ತು ಅವನು. ಪುಸ್ತಕದ ಹೆಸರೆಲ್ಲ ನನಗೆ ಗೊತ್ತಿತ್ತು, ಗಿಡದ ಬುದ್ಧಿ ಅವನಿಗೆ ಗೊತ್ತಿತ್ತು. ಎಲ್ಲ ಅಜ್ಜಿ ಹೇಳಿಕೊಟ್ಟದ್ದು. ದಿನಕ್ಕೆ ಮೂರು ಸಲ ಜಗಳವಾಡುತ್ತಿದ್ದೆವು. ಆದರೂ ಅವನಿಲ್ಲದ ದಿನ ನನಗೆ ತೋಟದಲ್ಲಿ ಕೈಕಾಲು ಆಡುತ್ತಿರಲಿಲ್ಲ. ಇದನ್ನು ಆಗ ಹೇಳಿದ್ದರೆ ಅವನು ನಗುತ್ತಿದ್ದ.

ಅದು ಆಟಿ ತಿಂಗಳು, ತುಳುವರ ಆಷಾಢ. ಆಟಿಯ ಅಮಾವಾಸ್ಯೆಯ ದಿನ ತುಳುವರ ಮನೆಗಳಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯಬೇಕು, ಆಮೇಲೆ ಹೊಟ್ಟೆ ತಂಪಾಗಲು ಮೆಂತೆ ಗಂಜಿ. ವರ್ಷದ ಕಾಯಿಲೆಗಳೆಲ್ಲ ಅದರಲ್ಲೇ ಹೋಗುತ್ತವೆ ಎನ್ನುವ ನಂಬಿಕೆ. ತೊಗಟೆಯನ್ನು ಸೂರ್ಯ ಹುಟ್ಟುವ ಮೊದಲೇ ತೆಗೆಯಬೇಕು, ಕಬ್ಬಿಣ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ಕೀಳಬೇಕು. ಅವರ ಹಿತ್ತಲಿನ ಪಾಲೆ ಮರ ಅಪಾರ್ಟ್‌ಮೆಂಟಿಗೆ ಹೋಗಿತ್ತು. ಆದ್ದರಿಂದ ಆ ವರ್ಷ ನಮ್ಮ ತೋಟದ ಅಂಚಿನ ಪಾಲೆಯಿಂದ ತೆಗೆಯುತ್ತೇನೆ, ಮನೆಯಲ್ಲಿ ಕಷಾಯ ಮಾಡಿ ಒಂದು ಕ್ಯಾನಿನಲ್ಲಿ ನಿಮಗೂ ತರುತ್ತೇನೆ, ಎಲ್ಲರೂ ಏನೂ ತಿನ್ನದೆ ಏಳೂವರೆಗೆ ತೋಟಕ್ಕೆ ಬನ್ನಿ ಎಂದು ಅವನು ಹೇಳಿದ್ದ. ನಿನಗೂ ಒಂದು ಲೋಟ ಉಂಟು, ಬೈಯುವ ಬಾಯಿಗೆ ಒಳ್ಳೆಯದು ಎಂದು ಸೇರಿಸಿದ್ದ.

ಅವನು ಹೇಳದೆ ಬಿಟ್ಟದ್ದು ಒಂದಿತ್ತು. ಹಿಂದಿನ ಸಂಜೆಯೇ ಹೋಗಿ ಮರಕ್ಕೊಂದು ದಾರ ಕಟ್ಟಿ, ನಾಳೆ ಬರುತ್ತೇನೆ ಎಂದು ಮರಕ್ಕೆ ಹೇಳಿ ಬರುವುದು ಅವರ ಕ್ರಮ. ಕತ್ತಲಲ್ಲಿ ಮರ ತಪ್ಪಬಾರದಲ್ಲ. ಅವನು ಆ ಸಂಜೆ ನಮ್ಮ ಕಿಟಕಿಯ ಬಿಳಿ ನೂಲನ್ನೇ ತೆಗೆದುಕೊಂಡು ಪಾಲೆಗೆ ಎದೆಮಟ್ಟದಲ್ಲಿ ಎರಡು ಸುತ್ತು ಕಟ್ಟಿ ಮನೆಗೆ ಹೋದ.

ಅರ್ಧ ಗಂಟೆಯ ನಂತರ ನಾನು ಆ ಕಡೆ ಹೋದೆ. ಎರಡು ದಿನ ಬಿಟ್ಟು ಕೊಂಬೆ ಕಡಿಯುವವರು ಬರುವವರಿದ್ದರು, ತೋಟಕ್ಕೆ ಬಿಸಿಲು ಬೀಳುವುದಿಲ್ಲ ಎಂದು ನಾವೇ ಅರ್ಜಿ ಕೊಟ್ಟಿದ್ದೆವು. ಪಾಲೆಗೆ ದಾರ ಕಂಡಾಗ ನನಗೆ ಹೊಳೆದದ್ದು ಒಂದೇ: ಇದನ್ನು ಕಡಿಯಬಾರದು ಎಂದು ಹುಡುಗ ಗುರುತು ಮಾಡಿದ್ದಾನೆ. ಅಪರೂಪಕ್ಕೆ ನನ್ನ ನಿಯಮ ಪಾಲಿಸಿದ್ದಾನಲ್ಲ ಎಂದು ಖುಷಿಯೇ ಆಯಿತು. ಅಲ್ಲಿಂದ ಹತ್ತು ಹೆಜ್ಜೆಯಲ್ಲಿ, ಹಿಂದಿನ ಗೇಟಿನ ಕಡೆಗೆ ಒಂದು ಕಾಸರಕದ ಮರ ಇತ್ತು. ಅದೇ ದಪ್ಪ, ಅದೇ ಬೂದು ಬಣ್ಣ. ಅದರ ಬೀಜ, ತೊಗಟೆ ಎಲ್ಲ ವಿಷ. ಆದರೆ ನಮ್ಮ ಪ್ರಾಕ್ಟಿಕಲ್ಲಿಗೆ ಅದರ ಎಲೆ, ಕಾಯಿ ಬೇಕು. ಅದನ್ನೂ ಕಡಿಯುವುದು ಬೇಡ ಎಂದು, ಅದೇ ನೂಲಿನಿಂದ, ಎದೆಮಟ್ಟದಲ್ಲಿ, ಎರಡು ಸುತ್ತು ಕಟ್ಟಿದೆ. ಅವನಿಗೆ ಒಂದು ಮೆಸೇಜ್ ಹಾಕಬಹುದಿತ್ತು. ಹಾಕಲಿಲ್ಲ. ಕಾರ್ಯದರ್ಶಿ ನಾನು, ಕೇಳುವುದು ಎಂತ?

ಮರುದಿನ ಬಸವನಹುಳು ಹೆಕ್ಕುವ ಪಾಳಿ ನನ್ನದು. ಮಳೆಗಾಲದಲ್ಲಿ ಕೈಯಗಲದ ಆಫ್ರಿಕನ್ ಹುಳುಗಳು ರಾತ್ರಿಯಿಡೀ ಹರಿವೆ ತಿಂದು ಬೆಳಿಗ್ಗೆ ಎಲೆಯಡಿ ಅಡಗುತ್ತವೆ. ಬೆಳಕು ಹರಿಯುವಾಗಲೇ ಹೆಕ್ಕಿ ಉಪ್ಪುನೀರಿನ ಬಕೆಟಿಗೆ ಹಾಕಬೇಕು. ಆರೂವರೆಗೆ ಹಿಂದಿನ ಗೇಟಿನಿಂದ ಒಳಗೆ ಬಂದೆ. ಸಣ್ಣ ಮಳೆ ಇತ್ತು. ಕಾಸರಕದ ಮರದ ಬುಡದಲ್ಲಿ ಒಂದು ಕಲ್ಲು ಬಿದ್ದಿತ್ತು. ಮರದ ಮೈಯಲ್ಲಿ ಎರಡು ಗೇಣು ಉದ್ದಕ್ಕೆ ತೊಗಟೆ ಎದ್ದು ಹಳದಿ ಮರ ಕಾಣುತ್ತಿತ್ತು. ದಾರ ಹಾಗೇ ಇತ್ತು.

ಮೊದಲು ಬಂದದ್ದು ಸಿಟ್ಟು. ದಾರ ಕಟ್ಟಿದ್ದನ್ನು ಮುಟ್ಟಿದವರು ಯಾರು ಎಂದು ಬಾಯಲ್ಲಿ ಬೈಗುಳ ತಯಾರಾಯಿತು. ಆಮೇಲೆ ಕಲ್ಲನ್ನು ನೋಡಿದೆ. ಕಬ್ಬಿಣ ತಾಗಿಸಬಾರದು ಎಂದು ಅವನು ಹೇಳಿದ್ದು ನೆನಪಾಯಿತು. ಓಡಿ ಪಾಲೆಯ ಹತ್ತಿರ ಹೋದೆ. ಅದರ ತೊಗಟೆ ಒಂದು ಚೂರೂ ಹೋಗಿರಲಿಲ್ಲ. ಅದರ ದಾರವೂ ಹಾಗೇ ಇತ್ತು. ಎರಡು ದಾರಗಳ ನಡುವೆ ನಿಂತಾಗ ಇಡೀ ಸಂಗತಿ ನನಗೆ ಅರ್ಥವಾಯಿತು. ಕತ್ತಲಲ್ಲಿ ಹಿಂದಿನ ಗೇಟಿನಿಂದ ಬಂದ ಅವನ ಕೈಗೆ ಮೊದಲು ಸಿಕ್ಕಿದ್ದು ನನ್ನ ದಾರ.

ಫೋನ್ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಮತ್ತೆ ಮಾಡಿದೆ. ಕಷಾಯ ಯಾರೂ ಕುಡಿಯಬೇಡಿ ಎಂದು ಗ್ರೂಪಿಗೆ ವಾಯ್ಸ್ ಮೆಸೇಜ್ ಕಳಿಸಿದೆ. ನಂತರ ಕಾಸರಕದ ಒಂದು ಸಣ್ಣ ಟೊಂಗೆಯನ್ನು, ಎಲೆ ಮತ್ತು ಎರಡು ಹಸಿರು ಕಾಯಿ ಸಮೇತ ಮುರಿದು, ರೈನ್‌ಕೋಟಿನೊಳಗೆ ತುರುಕಿ ಸ್ಕೂಟಿ ಹತ್ತಿದೆ. ಅದೊಂದು ಬುದ್ಧಿ ಆ ಹೊತ್ತಿನಲ್ಲಿ ಹೇಗೆ ಬಂತೋ ಗೊತ್ತಿಲ್ಲ. ಬಿಜೈಯಲ್ಲಿ ಬಸ್‌ಸ್ಟ್ಯಾಂಡಿನಿಂದ ಹೊರಬರುವ ಸರಕಾರಿ ಬಸ್ಸೊಂದು ರಸ್ತೆಗೆ ಅಡ್ಡ ನಿಂತಿತ್ತು. ನಾನು ಹಾರ್ನ್ ಒತ್ತಿ ಹಿಡಿದು ಅಳುತ್ತಿದ್ದೆ. ಡ್ರೈವರು ಕಿಟಕಿಯಿಂದ ತಲೆ ಹಾಕಿ, ಎಂತ ಬೆಂಕಿ ಬಿದ್ದಿದೆಯಾ ಎಂದು ಕೇಳಿದರು. ಫುಟ್‌ಪಾತಿಗೆ ಹತ್ತಿಸಿ ದಾಟಿದೆ.

ಅವರ ಮನೆಗೆ ಹಿಂದೆ ಒಂದು ಸಲ ಹೋಗಿದ್ದೆ. ಅಡುಗೆಮನೆಯ ಬಾಗಿಲು ತೆರೆದಿತ್ತು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು, ಅವನ ಅಮ್ಮ ಸೌಟು ಹಿಡಿದು ನಿಂತಿದ್ದರು. ಅವನು ಕ್ಯಾನಿನ ಮುಚ್ಚಳ ಬಿಗಿಯುತ್ತಿದ್ದ. ಅಜ್ಜಿ ಬೆಂಚಿನ ಮೇಲೆ ಕುಳಿತಿದ್ದರು. ಅವರ ಪಕ್ಕ ಒಂದು ಸ್ಟೀಲಿನ ಲೋಟ ಇತ್ತು, ಖಾಲಿ.

ಮನೆಯ ಹಿರಿಯರು ಮೊದಲು ಕುಡಿಯಬೇಕು, ಅದೂ ಕ್ರಮ. ಮಂಡಿನೋವಿನಿಂದ ಅಜ್ಜಿಗೆ ಆ ವರ್ಷ ಅರೆಯಲು ಆಗಿರಲಿಲ್ಲ. ತೊಗಟೆ ತೊಳೆದದ್ದು, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದದ್ದು, ಬೆಣಚುಕಲ್ಲನ್ನು ಕೆಂಪಗೆ ಕಾಯಿಸಿ ಅದ್ದಿದ್ದು, ಎಲ್ಲ ಮೊಮ್ಮಗನೇ. ಅಜ್ಜಿ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದಿದ್ದರು.

ಅದು ಪಾಲೆಯಲ್ಲ, ಕಾಸರಕ ಎಂದೆ. ಅವನಿಗೆ ಸಿಟ್ಟು ಬಂತು.

"ಎಂತ ಹೇಳ್ತೀ ಮಾರಾಯ್ತಿ? ನಿನ್ನೆ ನಾನೇ ದಾರ ಕಟ್ಟಿ ಬಂದದ್ದು. ದಾರ ಕೈಯಲ್ಲಿ ಮುಟ್ಟಿ ನೋಡಿಯೇ ತೆಗೆದದ್ದು."

ನಾನು ಟೊಂಗೆ ಹೊರಗೆ ತೆಗೆದು ಮೇಜಿನ ಮೇಲಿಟ್ಟೆ. ಇದರ ತೊಗಟೆ ಹೋಗಿದೆ, ಪಾಲೆ ಹಾಗೇ ಉಂಟು ಎಂದೆ. ಅಷ್ಟೇ ಹೇಳಿದೆ. ಈ ಮರಕ್ಕೆ ದಾರ ಕಟ್ಟಿದ್ದು ನಾನು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಮೊದಲು ಅಜ್ಜಿಯ ವಿಷಯ ಆಗಲಿ, ಅದು ಆಮೇಲೆ ಎಂದು ನನಗೆ ನಾನೇ ಹೇಳಿಕೊಂಡೆ. ಅವನ ಅಮ್ಮ ಕ್ಯಾನನ್ನು ಎತ್ತಿ ಮೋರಿಗೆ ಸುರಿಯಹೋದರು, ನಾನು ತಡೆದೆ. ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ.

ಅಜ್ಜಿ ಮಾತ್ರ ಆರಾಮವಾಗಿದ್ದರು. ಈ ಸರ್ತಿ ಕಹಿ ಸ್ವಲ್ಪ ಬೇರೆ ಎಂದು ನನಗೂ ಅನ್ನಿಸಿತು, ನನಗೆ ಎಂತದೂ ಆಗ್ಲಿಲ್ಲ, ಆ ಹುಡುಗಿಗೆ ಒಂದು ಟವೆಲು ಕೊಡಿ, ಮಳೆಗೆ ನೆನೆದು ಚಂಡಿ ಆಗಿದ್ದಾಳೆ ಎಂದರು. ಅವರು ಹಾಗೆ ಹೇಳಿದ್ದನ್ನು ನಂಬಬೇಕೆಂದು ನಾವು ಮೂವರೂ ಆಸೆಪಟ್ಟೆವು. ಅವನು ಪಕ್ಕದ ಮನೆಯ ಕಾರು ಕೇಳಲು ಓಡಿದ. ಕಾರು ಬರುವಷ್ಟರಲ್ಲಿ ಅಜ್ಜಿ ಕುತ್ತಿಗೆ ಹಿಡಿದಿದೆ ಎಂದರು. ಎಬ್ಬಿಸಲು ಹೋದಾಗ ಕಾಲು ಮಡಚಲಿಲ್ಲ, ಕೊರಡಿನ ಹಾಗೆ ಸೆಟೆದಿತ್ತು. ಬಾಗಿಲು ದಾಟಿಸುವಾಗ ಇಡೀ ಮೈ ಒಮ್ಮೆ ಬಿಲ್ಲಿನಂತೆ ಬಾಗಿತು. ಎಚ್ಚರ ತಪ್ಪಲಿಲ್ಲ. ಕಣ್ಣು ತೆರೆದೇ ಇತ್ತು, ನಮ್ಮನ್ನೆಲ್ಲ ನೋಡುತ್ತಲೇ ಇದ್ದರು. ನನಗೆ ಇಂದಿಗೂ ಹೆದರಿಕೆಯಾಗುವುದು ಆ ಕಣ್ಣಿನ ನೆನಪಿಗೆ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಎಂತ ಕುಡಿದದ್ದು ಎಂದು ಕೇಳಿದರು. ಪಾಲೆ ಕಷಾಯ ಎಂದ ಕೂಡಲೇ ಅವರ ಮುಖ ಬದಲಾಯಿತು. ಪ್ರತಿ ಆಟಿಗೆ ಇಂಥದ್ದೊಂದು ಬಂದೇ ಬರುತ್ತದೆ ಎಂದು ಅವರು ಕಾಯುತ್ತಿದ್ದಂತಿತ್ತು. ನಾನು ಟೊಂಗೆ ಕೊಟ್ಟು ಸಸ್ಯದ ಹೆಸರು ಹೇಳಿದೆ. ಅವರು ಒಂದು ಕ್ಷಣವೂ ವ್ಯರ್ಥ ಮಾಡದೆ ಒಳಗೆ ಹೋದರು. ಕೋಣೆಯ ದೀಪ ಆರಿಸಿದರು. ಪರದೆ ಎಳೆದರು. ಯಾರೂ ಮಾತಾಡಬಾರದು, ಮುಟ್ಟಬಾರದು, ಸಣ್ಣ ಸದ್ದಿಗೂ ಮೈ ಸೆಟೆಯುತ್ತದೆ ಎಂದು ನರ್ಸು ಬಂದು ಹೇಳಿ ಹೋದಳು. ಹೊರಗಿನ ಬೆಂಚಿನಲ್ಲಿ ನಾವು ಉಸಿರೂ ಜೋರಾಗಿ ಬಿಡದೆ ಕುಳಿತೆವು. ಯಾರದೋ ಟಿಫಿನ್ ಡಬ್ಬಿ ಕೆಳಗೆ ಬಿದ್ದಾಗ ಮೂವರೂ ಎದ್ದು ನಿಂತೆವು.

ಹನ್ನೊಂದರ ಹೊತ್ತಿಗೆ ಡಾಕ್ಟರು ಬಂದು, ವೆಂಟಿಲೇಟರಿಗೆ ಹಾಕಿದ್ದೇವೆ, ಈಗಲೇ ಏನೂ ಹೇಳಲಾಗದು, ನಲವತ್ತೆಂಟು ಗಂಟೆ ದಾಟಬೇಕು ಎಂದರು. ಮತ್ತೆ ನನ್ನ ಕಡೆ ತಿರುಗಿ, ಗಿಡ ತಂದದ್ದು ನೀವಾ, ತುಂಬ ಒಳ್ಳೆಯದು ಮಾಡಿದಿರಿ, ಇಲ್ಲದಿದ್ದರೆ ಏನೆಂದು ತಿಳಿಯುವುದರಲ್ಲೇ ಹೊತ್ತು ಹೋಗುತ್ತಿತ್ತು ಎಂದರು. ಅವನ ಅಮ್ಮ ನನ್ನ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. ನಾನು ಕೈ ಎಳೆದುಕೊಳ್ಳಲಿಲ್ಲ.

ಅವನು ಗೋಡೆಗೆ ಒರಗಿ ನಿಂತಿದ್ದ. ಸಂಬಂಧಿಕರು ಒಬ್ಬೊಬ್ಬರಾಗಿ ಬಂದರು. ಪ್ರತಿಯೊಬ್ಬರೂ ಅವನನ್ನು ಅದೇ ಪ್ರಶ್ನೆ ಕೇಳಿದರು: ತುಳುವರ ಮನೆಯಲ್ಲಿ ಹುಟ್ಟಿ ನಿನಗೆ ಪಾಲೆ ಮರ ಗೊತ್ತಾಗಲಿಲ್ಲವಾ? ಪಾಲೆಯಾದರೆ ಹಾಲು ಬರುತ್ತದೆ, ಅದೂ ನೋಡಲಿಲ್ಲವಾ? ಕತ್ತಲು, ಮಳೆ, ಒಂದು ಕೈಯಲ್ಲಿ ಕಲ್ಲು ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ದಾರ ಕಟ್ಟುವಾಗಲೇ ಮರ ತಪ್ಪಿರಬೇಕು ಎಂದ. ಸಂಜೆ ಹೊತ್ತಲ್ಲವಾ, ನಾನೇ ತಪ್ಪು ಮರಕ್ಕೆ ಕಟ್ಟಿದೆ ಎಂದ. ನಾನು ಎರಡು ಅಡಿ ದೂರದಲ್ಲಿ ಕುಳಿತು ಕೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಂತೆ. ನಾನು ಹೆಗಲನ್ನೂ ಮುಟ್ಟಿಕೊಳ್ಳದಷ್ಟು ಗಟ್ಟಿ ಕಳ್ಳಿಯಾಗಿದ್ದೆ.

ಅವನು ಮರುದಿನ ತೋಟಕ್ಕೆ ಹೋಗಿ ನೋಡಿದ್ದರೆ ಎರಡು ದಾರ ಕಾಣುತ್ತಿತ್ತು. ಅವನು ಹೋಗಲಿಲ್ಲ. ನಾನು ಹೋದೆ. ಹೋಗಿ ಪಾಲೆಗೆ ಕಟ್ಟಿದ್ದ ಅವನ ದಾರವನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡೆ. ಕಾಸರಕಕ್ಕೆ ಕಟ್ಟಿದ್ದು ಒಂದು ತಪ್ಪು, ಯಾರಿಗೂ ಆಗಬಹುದಾದದ್ದು. ಪಾಲೆಯಿಂದ ಬಿಚ್ಚಿದ್ದು ತಪ್ಪಲ್ಲ, ಮೋಸ. ಅದನ್ನು ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ.

ಕಾಲೇಜಿನಲ್ಲಿ ಅಷ್ಟರಲ್ಲಿ ನಾನು ದೊಡ್ಡ ಮನುಷ್ಯಳಾಗಿದ್ದೆ. ಸಮಯಪ್ರಜ್ಞೆ ಎಂಬ ಶಬ್ದವನ್ನು ಪ್ರಾಂಶುಪಾಲರು ಮೈಕಿನಲ್ಲಿ ಎರಡು ಸಲ ಹೇಳಿದರು. ಸೋಮವಾರ ಸಭೆಯಲ್ಲಿ ಶಾಲು ಹೊದೆಸುವುದೆಂದೂ ತೀರ್ಮಾನವಾಯಿತು. ತೋಟವನ್ನೇ ಮುಚ್ಚಬೇಕು ಎಂದು ಕೆಲವು ಅಧ್ಯಾಪಕರು ಹೇಳಿದಾಗ, ಇಂಥ ಹುಡುಗಿ ಇದ್ದುದಕ್ಕೆ ಜೀವ ಇನ್ನೂ ಉಳಿದಿದೆ ಎಂದು ಉಳಿದವರು ವಾದಿಸಿದರಂತೆ. ನಾನು ಬಾಯಿ ಬಿಟ್ಟರೆ ತೋಟವೂ ಹೋಗುತ್ತದೆ ಎಂಬ ಹೊಸ ನೆಪ ಸಿಕ್ಕಿತು. ನೆಪಗಳಿಗೆ ಬರ ಇರಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಓಡಾಡಿದೆ, ಉಗುಳಲೂ ಇಲ್ಲ, ನುಂಗಲೂ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಅವನು ಕಾಲೇಜಿಗೆ ಬಂದ. ಅಜ್ಜಿಯನ್ನು ವೆಂಟಿಲೇಟರಿನಿಂದ ತೆಗೆದಿದ್ದಾರೆ, ಮಾತಾಡುತ್ತಾರೆ, ಮಧ್ಯಾಹ್ನ ವಾರ್ಡಿಗೆ ತರುತ್ತಾರೆ ಎಂದ. ನಾನು ಮೆಟ್ಟಿಲಲ್ಲೇ ಕುಳಿತೆ. ಅವನು ನಗಲಿಲ್ಲ. ಮುಖ ಬತ್ತಿ ಮೂಳೆ ಕಾಣುತ್ತಿತ್ತು. ಶೆಡ್ಡಿನ ಬೀಗದ ಕೈ ತೆಗೆದು ನನ್ನ ಪಕ್ಕ ಇಟ್ಟ.

"ಇನ್ನು ನಾನು ತೋಟಕ್ಕೆ ಬರುವುದಿಲ್ಲ. ನನಗೆ ನನ್ನ ಕೈ ಮೇಲೆಯೇ ನಂಬಿಕೆ ಇಲ್ಲ. ಯಾರಿಗೆ ಎಂತ ಬೆಳೆದು ಕೊಡ್ತೇನೋ."

ಆಗ ಹೇಳಬೇಕಿತ್ತು. ಅವನು ಮೆಟ್ಟಿಲಿಳಿದು ಹೋಗುವವರೆಗೂ ಬೀಗದ ಕೈಯನ್ನೇ ನೋಡಿದೆ.

ಸಂಜೆ ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡೆ. ಅವನಿಗೆ ಹೇಳುವ ಧೈರ್ಯ ಇಲ್ಲದ್ದರಿಂದ ಅಜ್ಜಿಗೆ ಹೇಳಲು ಹೊರಟಿದ್ದೆ. ಅಜ್ಜಿ ಹಾಸಿಗೆಯಲ್ಲಿ ಹಿಂಡಿದ ಬಟ್ಟೆಯಂತೆ ಸೋತು ಮಲಗಿದ್ದರು. ಅವನ ಅಮ್ಮ ಸ್ನಾನಕ್ಕೆಂದು ಮನೆಗೆ ಹೋಗಿದ್ದರು, ಅವನು ಔಷಧಿ ತರಲು ಕೆಳಗೆ ಹೋಗಿದ್ದ. ನಾವಿಬ್ಬರೇ.

ಹೇಳಿದೆ. ಕೊಂಬೆ ಕಡಿಯುವವರಿಂದ ಶುರು ಮಾಡಿ, ಎರಡನೆಯ ದಾರದವರೆಗೆ, ಪಾಲೆಯಿಂದ ಬಿಚ್ಚಿದ್ದನ್ನೂ ಸೇರಿಸಿ ಹೇಳಿದೆ. ಅಜ್ಜಿ ಕೊನೆಗೆ ಬಾಯಿ ತೆರೆದರು. ನಳಿಕೆ ಹಾಕಿದ್ದ ಗಂಟಲಿನಿಂದ ಅವರ ಸ್ವರ ಬಹಳ ಸಣ್ಣಗೆ ಬರುತ್ತಿತ್ತು, ನಾನು ಬಾಗಬೇಕಾಯಿತು.

"ಕಟ್ಟಿದ್ದು ಇರ್ಲಿ ಮಗಾ. ಅವನೂ ಒಳ್ಳೇದಕ್ಕೆ ಕಟ್ಟಿದ, ನೀನೂ ಒಳ್ಳೇದಕ್ಕೆ ಕಟ್ಟಿದ್ದಿ. ನಾನು ಬದುಕಿ ಉಳಿದೆನಲ್ಲ."

ನಾನು ಅಳಲು ಶುರು ಮಾಡಿದೆ. ಕ್ಷಮೆ ಇಷ್ಟು ಸುಲಭವಾಗಿ ಸಿಕ್ಕಿತಲ್ಲ ಎಂದು ಒಳಗೆ ಹಗುರವೂ ಆಗತೊಡಗಿತ್ತು. ಅಜ್ಜಿ ಅಳು ನಿಲ್ಲುವವರೆಗೆ ಕಾದರು.

"ಮೂರು ದಿನದಿಂದ ಅವನು ಒಂದು ತುತ್ತು ಅನ್ನ ಬಾಯಿಗೆ ಹಾಕ್ಲಿಲ್ಲಂತೆ. ಅವನ ಅಮ್ಮ ಹೇಳಿದಳು. ನೀನು ಉಂಡಿಯಾ?"

ಉಂಡಿದ್ದೆ. ಜೀವ ಉಳಿಸಿದ ಮಗಳೆಂದು ಅಮ್ಮ ಮೊದಲ ದಿನ ರಾತ್ರಿಯೇ ಕೋಳಿ ಸಾರು ಮಾಡಿದ್ದರು. ನಾನು ಎರಡು ಸಲ ಬಡಿಸಿಕೊಂಡಿದ್ದೆ. ಮರುದಿನವೂ ಉಂಡಿದ್ದೆ, ಅಂದು ಮಧ್ಯಾಹ್ನವೂ. ಸುಳ್ಳು ಹೇಳಬಹುದಿತ್ತು, ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಕಾರಿಗೆ ಹತ್ತಿಸುವಾಗ ನೋಡಿದ ಹಾಗೆಯೇ.

ಉಂಡೆ ಅಜ್ಜಿ ಎಂದೆ.

"ಹಾಗಾದ್ರೆ ಕೆಳಗೆ ಹೋಗಿ ಅವನಿಗೆ ಹೇಳು. ಅವನೂ ಉಣ್ಲಿ."

ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದೆ. ಅವನು ಔಷಧಿಯ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತಿದ್ದ. ಅಲ್ಲೇ, ಜನರ ನಡುವೆಯೇ ಹೇಳಿದೆ. ಈ ಸಲ ವಾಕ್ಯ ಕಟ್ಟಲಿಲ್ಲ, ಕೊಂಬೆ ಕಡಿಯುವವರನ್ನೂ ತರಲಿಲ್ಲ. ಅವನು ಯಾವಾಗ ಗೊತ್ತಾಯಿತು ಎಂದಷ್ಟೇ ಕೇಳಿದ. ನಿಮ್ಮ ಮನೆಗೆ ಬರುವ ಮೊದಲೇ ಎಂದೆ. ಅವನು ತನ್ನ ಸರದಿ ಬಂದಾಗ ಔಷಧಿ ತೆಗೆದುಕೊಂಡ, ಚೀಟಿ ಮಡಚಿ ಕಿಸೆಗೆ ಹಾಕಿದ. ಆಮೇಲೆ ಎದುರಿನ ಕ್ಯಾಂಟೀನಿಗೆ ಹೋಗಿ, ಒಂದು ತಟ್ಟೆ ಅನ್ನ ಹೇಳಿ, ನನ್ನ ಕಡೆಗೆ ಬೆನ್ನು ಹಾಕಿ ಕುಳಿತು ಉಂಡ.